ಕಿತ್ತಿದ್ದೂ ಹಚ್ಚಿದ್ದೂ

ಮೊಮ್ಮಗಳು: 1987ರ ನವೆಂಬರ್ 14ಕ್ಕೆ ಕುಸನೂರಿನಲ್ಲಿ ನೀಲಗಿರಿ ಕಿತ್ತಿರಲ್ಲ, ಅದು ಕಾನೂನು ಮುರಿದಂತಲ್ಲವೇ ಅಜ್ಜಾ? ಜಮೀನು ಸರ್ಕಾರದ್ದು. ಅದನ್ನು ಪಲ್ಪ್‌ವುಡ್ ಕಂಪನಿಗೆ ಕೊಟ್ಟದ್ದೂ ಸರ್ಕಾರವೇ.

ಅಜ್ಜ: ಸರ್ಕಾರದ್ದು ಅಂತ ಕಾಗದ ಹೇಳತಿತ್ತವ್ವ. ದನ ಮೇಯೂದು ಅಲ್ಲೆ, ಉರುವಲ ಆರಿಸೂದೂ ಅಲ್ಲೆ. ಹರಿಹರದ ಕಾರ್ಖಾನಿಗೆ ಕಟಗಿ ಬೇಕಂತ ಸುಮಾರು 30,000 ಹೆಕ್ಟೇರ್ ಕೊಡಾಕ ಹೊಂಟಿದ್ರು. ನಮ್ಮನ್ನ ಒಂದ ಮಾತೂ ಕೇಳಲಿಲ್ಲ.

ಮೊಮ್ಮಗಳು: ಕೋರ್ಟಿಗೆ ಹೋಗಬಹುದಿತ್ತು.

ಅಜ್ಜ: ಹೋಗಿದ್ವಲ್ಲ! ಸಮಾಜ ಪರಿವರ್ತನ ಸಮುದಾಯದ ಜೋಡಿ ಶಿವರಾಮ ಕಾರಂತರೂ ಸುಪ್ರೀಂ ಕೋರ್ಟಿನ ಮೆಟ್ಟಲ ಹತ್ತಿದ್ರು. ಆದ್ರ ಈ ನೆಲ ನಮಗ ಎದಕ್ಕ ಬೇಕು ಅನ್ನೂದನ್ನ ನೆಲದ ಮ್ಯಾಲೇ ತೋರಸಬೇಕಿತ್ತು. ಬರೇ ಕಿತ್ತಿದ್ರ ಸಿಟ್ಟಷ್ಟ ಆಗತಿತ್ತು. ಕಿತ್ತ ಜಾಗದಾಗ ಹಣ್ಣಿನ ಗಿಡ, ಮೇವಿನ ಗಿಡ ಹಚ್ಚಿದ್ವಿ. ‘ಕಿತ್ತಿಕೊ ಹಚ್ಚಿಕೊ’ ಅಂತ ಹೆಸರಿಟ್ಟಿದ್ದು ಅದಕ್ಕ. ಮುಂದ ಕಂಪನೀನೂ ಮುಚ್ಚಿತು.

ಮೊಮ್ಮಗಳು: ಎಲ್ಲರದೂ ಆದದ್ದು ಯಾರದೂ ಅಲ್ಲ, ಎಲ್ಲರೂ ದನ ಬಿಟ್ಟು ಗುಡ್ಡ ಬೋಳು ಮಾಡುತ್ತಾರೆ ಎಂದು ವಾದಿಸುವವರಿದ್ದಾರೆ. ಎಲಿನಾರ್ ಆಸ್ಟ್ರಂ ಒಪ್ಪಲಿಲ್ಲ. ಬಳಸುವವರೇ ಕಟ್ಟಳೆ ಮಾಡಿಕೊಂಡು ಕಾಯ್ದ ಎಷ್ಟೋ ಕಡೆ ಕಾಡೂ ನೀರೂ ಉಳಿದಿವೆ ಅಂತ ತೋರಿಸಿದರು. ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಅಜ್ಜ: ನಾವು ಹೇಳಿದ್ದೂ ಅದನ್ನ!

ಮೊಮ್ಮಗಳು: ಆದರೆ ಕಟ್ಟಳೆ ಮಾಡುವವರು ಯಾರು? ಊರು ಅಂದರೆ ಹೊಲ ಇದ್ದವರಷ್ಟೇನಾ?

ಅಜ್ಜಿ: ಇದನ್ನ ನನ್ನ ಕೇಳವ್ವ. ನಸುಕಿನ್ಯಾಗ ಎದ್ದು ಹೊರಿ ಹೊತ್ತಾಕಿ ನಾನು. ನೀಲಗಿರಿ ಎಲಿ ದನ ಮೂಸಿ ಬಿಡತಾವ, ಅದರ ಬುಡಕ್ಕ ಕರಕಿನೂ ಸರಿಯಾಗಿ ಏಳೂದಿಲ್ಲ. ಇದು ಕಂಪನಿಗಷ್ಟ ಅಲ್ಲ, ಊರ ಹಿರ್ಯಾರಿಗೂ ನಮ್ಮಷ್ಟು ಗೊತ್ತಿರಲಿಲ್ಲ. ಒಂದ ಎಕರೆ ಇಲ್ಲದವರಿಗೆ ಆ ಗುಡ್ಡಾನ ಹೊಲ. ಪಂಚಾಯ್ತಿ ಕಟ್ಟಿ ಮ್ಯಾಲೆ ಅವರನ್ನ ಯಾರು ಕುಂದ್ರಿಸಿದ್ರು?

ಅಜ್ಜ: ಖರೇ. ಹೊರಗಿನವರ ಕೂಡ ಜಗಳಾಡೂದು ಸಸಾರ ಇತ್ತು. ಒಳಗ ಪಾಲು ಹಂಚೂದು ಕಠಿಣ.

ಮೊಮ್ಮಗಳು: ಹಾಗಾದರೆ ನ್ಯಾಯ ಅರ್ಧಕ್ಕೇ ನಿಂತಿತೇ?

ಅಜ್ಜಿ: ನಿಂತಿಲ್ಲ, ಇನ್ನೂ ನಡದೈತಿ. ಬರೂ ಗ್ರಾಮಸಭಾದಾಗ ಗೋಮಾಳದ ಮಾತು ಐತಲ್ಲ, ಮೊದಲ ಕುರಿ ಕಾಯೂವ್ರು ಮಾತಾಡಲಿ, ಆಮ್ಯಾಗ ಕೇರಿ ಹೆಣ್ಮಕ್ಕಳು. ಹೊಲದವರು ಕಡೀಕ.

ಅಜ್ಜ: ಹಂಗಾದ್ರ ಸಂಜೀ ತನಕ ಮುಗಿಯಂಗಿಲ್ಲ.

ಅಜ್ಜಿ: ಮುಗೀಲಿಲ್ಲಂದ್ರ ಮರುದಿನಾನೂ ಕೂಡೂಣು.