ಸಲ್ಲಬೇಕಾದ ಪಾಲು

ದುಡಿದವರಿಗೆ ಸಲ್ಲತಕ್ಕುದನ್ನು ತಡೆದಿರಿಸಿ, ಅವರು ನ್ಯಾಯಾಲಯದ ಬಾಗಿಲು ತಟ್ಟಿದ ಬಳಿಕ ಕೊಟ್ಟರೆ ಒಡೆಯನು ಋಣಮುಕ್ತನಾಗುವನೆ? ಕಾಯಕತತ್ತ್ವವನ್ನು ನಂಬಿದ ಸದ್ಭಕ್ತರು ವಿಚಾರಿಸಬೇಕಾದ ಪ್ರಶ್ನೆಯಿದು.

ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತದ ವಿದೇಶಾಂಗ ಸೇವೆಯನ್ನು ಸೇರಿದರು. ಮುಂದೆ 1961ರ ಸೇವಾನಿಯಮಗಳಂತೆ ಸ್ತ್ರೀಯಾದವಳು ವಿವಾಹಕ್ಕೆ ಮುನ್ನ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರವು ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ತೋರಿದರೆ ಅವಳಿಂದ ರಾಜೀನಾಮೆ ಕೇಳಬಹುದಿತ್ತು. ಪುರುಷರಿಗೆ ಈ ಕಟ್ಟಳೆಯಿರಲಿಲ್ಲ. ರಾಯಭಾರಿಯಾಗಿದ್ದ ಮುತ್ತಮ್ಮನವರಿಗೆ ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ, ತಾನು ಸ್ತ್ರೀಯೆಂಬುದೇ ಇದಕ್ಕೆ ಕಾರಣವೆಂದು ಅವರು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. ವಿಚಾರಣೆ ಮುಗಿಯುವ ಮುನ್ನವೇ ಬಡ್ತಿ ದೊರೆಯಿತು. 1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಅರ್ಜಿಯನ್ನು ವಜಾ ಮಾಡಿದರೂ ಪ್ರಶ್ನೆ ಉಳಿದಿದೆಯೆಂದರು. ಸಂಸಾರದ ಹೊಣೆ ಪುರುಷನಿಗೂ ಉಂಟಲ್ಲವೆ ಎಂದು ಕೇಳಿದರು. ವಿಳಂಬದಿಂದ ಅವರು ಕಳೆದುಕೊಂಡ ಹಿರಿತನವನ್ನು ಮರುಪರಿಶೀಲಿಸಲೂ, ಸೇವಾನಿಯಮಗಳಲ್ಲಿನ ಸ್ತ್ರೀಪುರುಷಭೇದದ ಕಳಂಕವನ್ನು ತೊಳೆಯಲೂ ಸೂಚಿಸಿದರು. ಒಬ್ಬರಿಗೆ ಪಾಲು ಸಂದರೂ ಕಟ್ಟಳೆಯ ದೋಷ ನೀಗದು ಎಂಬುದೇ ಇದರ ಇಂಗಿತ.

ಆಯ್ದಕ್ಕಿ ಲಕ್ಕಮ್ಮನವರ ಕಥೆ ಎಲ್ಲರಿಗೂ ವಿದಿತವಾದುದು. ಪತಿ ಮಾರಯ್ಯನವರು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ಮಿಕ್ಕುದನ್ನು ಒಲ್ಲೆನೆಂಬುದು ಕಾಯಕದ ಶುದ್ಧಿಯಾದರೆ, ಸಲ್ಲತಕ್ಕುದನ್ನು ತಡೆಯುವುದು ಅದರ ಮಲಿನವಲ್ಲವೆ? ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ತಪ್ಪನ್ನು ತೋರಿಸಿದ ಮಡದಿಯ ಮೇಲೆ ಮಾರಯ್ಯನವರು ಹಗೆ ಸಾಧಿಸಲಿಲ್ಲ. ಅಕ್ಕಿಯನ್ನು ಹೊತ್ತು ಮರಳಿ ನಡೆದರು.

ದೆಹಲಿಯ ಈ ವ್ಯಾಜ್ಯಕ್ಕೂ ನಮ್ಮ ಕೋಡಿಹಳ್ಳಿಗೂ ಏನು ಸಂಬಂಧವೆನ್ನಬಹುದು. ಹಿಪ್ಪುನೇರಳೆಯ ಸೊಪ್ಪು ಕೊಯ್ಯಲು, ಹುಳುವಿನ ಮನೆಯಲ್ಲಿ ದುಡಿಯಲು ಹೆಣ್ಣಾಳನ್ನು ಕರೆಯುವ ಗೃಹಸ್ಥನೂ ಒಡೆಯನೇ. ಕೆಲಸ ಬೇರೆಯಾದರೆ ಕೂಲಿ ಬೇರೆಯಾಗಲಿ. ಸಮನಾದ ಕೆಲಸಕ್ಕೆ ಕೂಲಿಯನ್ನು ಕಡಿಮೆ ಮಾಡಿ, ಏಕೆಂದು ಕೇಳಿದವಳಿಗೆ “ನಾಳೆಯಿಂದ ಬರಬೇಡ” ಎಂದರೆ ದೋಷ ಇಮ್ಮಡಿಯಾಗುವುದು. ಮೊದಲನೆಯದು ಕೂಲಿಯ ಅಪಹಾರ. ಎರಡನೆಯದು ಸತ್ಯವಾಡಿದ ನಾಲಗೆಗೆ ವಿಧಿಸಿದ ದಂಡ. ಅದನ್ನು ಕಂಡ ಮಿಕ್ಕ ಹೆಂಗಸರೂ ಮೌನವಾಗುವರು. ಒಡೆಯನಿಗೆ ತನ್ನ ತಪ್ಪನ್ನು ಅರಿಯುವ ದಾರಿಯೇ ಮುಚ್ಚಿಹೋಗುವುದು.

ಆತ್ಮಕ್ಕೆ ಸ್ತ್ರೀಪುರುಷಭೇದವಿಲ್ಲವೆಂದು ಇಷ್ಟಲಿಂಗದ ಮುಂದೆ ಒಪ್ಪಿದ ಭಕ್ತನು ಕೂಲಿಯ ಲೆಕ್ಕದಲ್ಲಿ ಆ ಭೇದವನ್ನು ಬರೆಯಲಾಗದು. ಆಕೆ ಕೇಳುವ ಮುನ್ನವೇ ಕೊಡುವುದು ಧರ್ಮ. ಕೇಳಿದ ಮೇಲಾದರೂ ಮುನಿಯದೆ ಲೆಕ್ಕವನ್ನು ತಿದ್ದಿ, ಹಿಂದಿನ ಬಾಕಿಯನ್ನೂ ಸಲ್ಲಿಸತಕ್ಕುದು.