ನೆನೆಸಿದರೆ ಹೋದ ಗುಣ

ಕೋಲಾರದ ಹೊರಗೆ ನನ್ನದೊಂದು ಸಣ್ಣ ಶೆಡ್ಡು. ಮರದ ಚೂರು, ಸಿಮೆಂಟು ಕಲಸಿ, ಅಚ್ಚಿನಲ್ಲಿ ಒತ್ತಿ, ಅಡ್ಡಗೋಡೆಗೆ ಹಾಕುವ ಹಲಗೆ ಮಾಡುತ್ತೇನೆ. ಮೊದಲ ಸಲ ಮಾಲೂರು ಕಡೆಯ ತೋಪಿನಿಂದ ಹಸಿ ನೀಲಗಿರಿ ತಂದು ತೊಗಟೆ ಸಮೇತ ಪುಡಿ ಮಾಡಿಸಿದ್ದೆ. ಮೂರನೆಯ ದಿನ ಅಚ್ಚು ಬಿಚ್ಚಿದರೆ ಹಲಗೆಯ ಅಂಚು ಬೆರಳಿಗೇ ಉದುರಿತು. 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಮರವನ್ನು ಬೈದೆ. ಅದೇ ವಾರ, ದಿನಾ ತಡವಾಗಿ ಬರುತ್ತಿದ್ದ ಶ್ರೀನಿವಾಸಪುರದ ಹುಡುಗನಿಗೂ ಅದೇ ಗಾದೆ ಹೇಳಿ ಮನೆಗೆ ಕಳಿಸಿದೆ.

ಕಾರಣ ಆಮೇಲೆ ತಿಳಿಯಿತು. ಮರದೊಳಗಿನ ಸಕ್ಕರೆ, ಒಗರು ನೀರಿಗಿಳಿದು, ಸಿಮೆಂಟು ಗಟ್ಟಿಯಾಗುವುದನ್ನೇ ತಡೆಯುತ್ತವೆ. ಪರೀಕ್ಷಿಸುವ ಬಗೆಯೂ ಇದೆ: 200 ಗ್ರಾಂ ಸಿಮೆಂಟು, 15 ಗ್ರಾಂ ಮರದ ಪುಡಿ, ಸುಮಾರು 90 ಮಿಲಿ ನೀರು ಕಲಸಿ ಫ್ಲಾಸ್ಕಿನಲ್ಲಿಡಬೇಕು. ಒಗ್ಗುವ ಮರವಾದರೆ ಮಿಶ್ರಣ 60 ಡಿಗ್ರಿಯ ಆಸುಪಾಸಿಗೆ ಬಿಸಿಯೇರುತ್ತದೆ. ಒಗ್ಗದಿದ್ದರೆ ಅಷ್ಟು ಕಾವು ಹುಟ್ಟುವುದಿಲ್ಲ.

ಅದೇ ನೀಲಗಿರಿಯ ತೊಗಟೆ ಸುಲಿಸಿ, ಚೂರುಗಳನ್ನು ಒಂದು ದಿನ ತೊಟ್ಟಿಯಲ್ಲಿ ನೆನೆಹಾಕಿದೆ. ನೀರು ಚಹಾದ ಬಣ್ಣಕ್ಕೆ ತಿರುಗಿತು. ಚೆಲ್ಲಿ, ತೊಳೆದು, ಕಲಸಿದೆ. 28 ದಿನ ಕಳೆದ ಮೇಲೆ ಎರಡು ಇಟ್ಟಿಗೆಯ ನಡುವೆ ಹಲಗೆ ಇಟ್ಟು ಮೇಲೆ ನಿಂತೆ. ತಡೆಯಿತು.

ಸುಟ್ಟರೂ ಹೋಗದ ಗುಣ ನೆನೆಸಿದರೆ ಹೋಯಿತೆ? ಹಾಗಾದರೆ ಹೋದದ್ದು ಹುಟ್ಟುಗುಣವೆ?

ಮುಳಬಾಗಿಲಿನ ನರಸಿಂಹತೀರ್ಥದಲ್ಲಿ, ಶ್ರೀಪಾದರಾಜರ ಬೃಂದಾವನದ ಮುಂದೆ ಕೂತಾಗಲೂ ಈ ಪ್ರಶ್ನೆ ಬಿಡಲಿಲ್ಲ. ಅವರು ನಡೆದ ಮಧ್ವಮತದಲ್ಲಿ ಪ್ರತಿ ಜೀವಕ್ಕೂ ತನ್ನದೇ ಸ್ವರೂಪವುಂಟು. ಸಾಧನೆ ಅದನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಮುಸುಕು ಸರಿದಾಗ ಇದ್ದದ್ದು ಬೆಳಗುತ್ತದೆ. ನನ್ನ ತೊಟ್ಟಿಯ ನೀರೂ ಮರಕ್ಕೆ ಬಲ ಕೊಡಲಿಲ್ಲ. ನಾರು ಮೊದಲೇ ಗಟ್ಟಿಯಿತ್ತು. ನಾನು ಸ್ವಭಾವವೆಂದದ್ದು ಮುಸುಕನ್ನು.

ಆ ಸಿಹಿಯನ್ನಾದರೂ ದೋಷವೆನ್ನಲೆ? ನಮ್ಮ ಹಿರಿಯರು ಗಾರೆಗೆ ಬೆಲ್ಲದ ನೀರು ಬೆರೆಸುತ್ತಿದ್ದರು. ಸುಣ್ಣಕ್ಕೆ ಬಲವಾದ ಸಿಹಿ ಸಿಮೆಂಟಿಗೆ ಹಗೆ. ಗುಣವೋ ದೋಷವೋ ಎಂಬುದು ಜೊತೆಗಾರನನ್ನೂ ನೋಡಿ ಹೇಳಬೇಕಾದ ಮಾತು.

ನೆನೆಸಿದರೂ ಒದಗದ ಮರವೂ ಉಂಟು. ಶ್ರೀನಿವಾಸಪುರದ ತೋಟವೊಂದರಿಂದ ತಂದ ಮಾವಿನ ದಿಮ್ಮಿಗಳು ಮಳೆಯಲ್ಲಿ ಬಿದ್ದು ಬೂಷ್ಟು ಹಿಡಿದು ಕೊಳೆತವು. ಅವುಗಳ ನಾರೇ ಮುರಿದಿತ್ತು. ಎಷ್ಟು ತೊಳೆದರೂ ಹಲಗೆ ನಿಲ್ಲಲಿಲ್ಲ. ಅದೂ ಹುಟ್ಟುಗುಣವಲ್ಲ. ಹೊದಿಕೆಯಿಲ್ಲದೆ ಬಿಟ್ಟವನು ನಾನು.

ಹುಡುಗನ ಊರಿಗೆ ಹೋದೆ. ತಂದೆ ಮಲಗಿದಲ್ಲೇ ಇದ್ದರು. ಬೆಳಗ್ಗೆ ಹಸು ಕರೆದು, ಡೇರಿಗೆ ಹಾಲು ಹಾಕಿ, ಆಮೇಲೆ ಬಸ್ಸು ಹಿಡಿಯುತ್ತಿದ್ದನಂತೆ. ನಾನು ಕೇಳಿಯೇ ಇರಲಿಲ್ಲ. "ತಪ್ಪಾಯ್ತು ಕಣಪ್ಪ, ನಾಳೆಯಿಂದ ಹತ್ತು ಗಂಟೆಗೆ ಬಾ" ಅಂದೆ. ಆ ಗಾದೆಯನ್ನು ಅಂದಿನಿಂದ ಯಾರ ಮೇಲೂ ಆಡಿಲ್ಲ.