ಮೇಜಿನ ಮೇಲಿನ ಕಲ್ಲು

ನನ್ನ ಮೇಜಿನ ಮೇಲೆ ಒಂದು ಕಲ್ಲಿದೆ. ನಿಂಬೆಹಣ್ಣಿಗಿಂತ ತುಸು ದೊಡ್ಡದು. ಒಂದು ಮಗ್ಗುಲು ತುಕ್ಕು ಹಿಡಿದಂತೆ ಕೆಂಪು, ಇನ್ನೊಂದು ಮಗ್ಗುಲಲ್ಲಿ ಕಪ್ಪು ಬಿಳುಪಿನ ಸಣ್ಣ ಪಟ್ಟೆಗಳು. ಗಾತ್ರವನ್ನು ಮೀರಿದ ತೂಕ. ಸದ್ಯಕ್ಕೆ ಅದು ವಿದ್ಯಾರ್ಥಿಗಳ ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರಿಹೋಗದಂತೆ ಕಾಯುತ್ತಿದೆ. ಕೆಲಸವನ್ನೇನೋ ಚೆನ್ನಾಗಿಯೇ ಮಾಡುತ್ತಿದೆ. ಆದರೂ ಅದನ್ನು ಕಂಡಾಗಲೆಲ್ಲ, ಗ್ರಂಥಾಲಯದಿಂದ ತಂದು ಹಿಂದಿರುಗಿಸದೆ ಉಳಿಸಿಕೊಂಡ ಪುಸ್ತಕವನ್ನು ಕಂಡಂತೆ ನನಗೆ ಇರುಸುಮುರುಸಾಗುತ್ತದೆ. ಆ ಕಲ್ಲು ನಮ್ಮದಲ್ಲ. ಕುದುರೆಮುಖದ ರಾಷ್ಟ್ರೀಯ ಉದ್ಯಾನದಿಂದ ನನ್ನ ಮಗ ಷರಾಯಿಯ ಜೇಬಿನಲ್ಲಿ ಹಾಕಿಕೊಂಡು ಬಂದದ್ದು.

ದಸರಾ ರಜೆಯಲ್ಲಿ ನಾವು ನಾಲ್ವರೂ ಅಲ್ಲಿಗೆ ಹೋಗಿದ್ದೆವು. ಶಿವಮೊಗ್ಗೆಯಿಂದ ತೀರ್ಥಹಳ್ಳಿ, ಕೊಪ್ಪ, ಕಳಸಗಳ ದಾರಿಯಾಗಿ ಸಂಸೆಗೆ. ಅಲ್ಲಿಂದ ಮೂಳೆಮೂಳೆಯನ್ನೂ ಎಣಿಸಿ ನೋಡುವ ಜೀಪಿನಲ್ಲಿ ಮುಳ್ಳೋಡಿಯ ಕಡೆಗೆ. ಉಳಿದುಕೊಂಡದ್ದು ಒಬ್ಬ ರೈತರ ಮನೆಯಲ್ಲಿ. ಎರಡು ದಿನ ಅಕ್ಕಿರೊಟ್ಟಿ, ಹಂಡೆಯಲ್ಲಿ ಕಾದ ನೀರು, ರಾತ್ರಿಯಿಡೀ ಹಳ್ಳದ ಸದ್ದು. ಪೇಟೆಯವರಿಗೆ ಇದಕ್ಕಿಂತ ಹೆಚ್ಚಿನ ಸುಖ ಬೇಕೆ?

ಮರುದಿನ ಬೆಳಗ್ಗೆ ಚೀಟಿ ಪಡೆದು, ಇಲಾಖೆಯ ದಾರಿಗನ ಹಿಂದೆ ಶಿಖರದ ಕಡೆಗೆ ನಡೆದೆವು. ಕುದುರೆಮುಖದ ಎತ್ತರ ಸುಮಾರು 1,890 ಮೀಟರು. ಹತ್ತುವವರಿಗೆ ಮೊದಲು ಎದುರಾಗುವುದು ಎತ್ತರವಲ್ಲ, ಇಂಬಳ. ಕಾಲಿಗೆ ಸುಣ್ಣ, ಉಪ್ಪು ಏನು ಬಳಿದುಕೊಂಡರೂ ಅದು ತನ್ನ ಪಾಲಿನ ಸುಂಕವನ್ನು ವಸೂಲು ಮಾಡಿಯೇ ತೀರುತ್ತದೆ. ಅದನ್ನು ದಾಟಿ ಮೇಲೆ ಹೋದಂತೆ ಮರಗಳು ಹಿಂದೆ ಸರಿದು ಹುಲ್ಲುಗುಡ್ಡಗಳು ಒಂದರ ಹಿಂದೊಂದು ತೆರೆದುಕೊಳ್ಳುತ್ತವೆ. ಗುಡ್ಡದ ಮೈಯೆಲ್ಲ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಯಲ್ಲಿ ಮಾತ್ರ ದಟ್ಟವಾದ ಕಾಡು. ಇದಕ್ಕೆ ಶೋಲಾ ಎನ್ನುತ್ತಾರೆ. ಹುಲ್ಲನ್ನು ನೋಡಿ ‘ಇಲ್ಲೆಲ್ಲ ಮರ ಕಡಿದುಬಿಟ್ಟಿದ್ದಾರೆ’ ಎಂದು ನಾನು ಮರುಗತೊಡಗಿದ್ದೆ. ದಾರಿಗ ನಕ್ಕು, ‘ಇಲ್ಲ ಸಾರ್, ಇದು ಹುಟ್ಟಿದ್ದೇ ಹೀಗೆ’ ಎಂದ. ಅವನು ಹೇಳಿದ್ದೇ ಸರಿ. ವರ್ಷಕ್ಕೆ 5,000 ಮಿಲಿಮೀಟರನ್ನೂ ಮೀರಿ ಸುರಿಯುವ ಮಳೆಯನ್ನು ಈ ಹುಲ್ಲೂ ಅದರ ಕೆಳಗಿನ ಮಣ್ಣೂ ಹೀರಿಕೊಂಡು, ಮಡಿಕೆಯ ಕಾಡಿನ ಮೂಲಕ ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನ ಗಂಗಾಮೂಲದಲ್ಲಿ. ಮೊದಲಿನ ಇಬ್ಬರು ಕೂಡಲಿಯಲ್ಲಿ ಒಂದಾಗಿ ಮೂಡಣ ಕಡಲಿನ ದಾರಿ ಹಿಡಿಯುತ್ತಾರೆ. ಮೂರನೆಯವಳು ಪಡುವಣಕ್ಕೆ ಇಳಿಯುತ್ತಾಳೆ.

ಊರಿಗೆ ಬಂದ ಮೇಲೆ ಬಟ್ಟೆ ಒಗೆಯಲು ಹಾಕುವಾಗ ನನ್ನಾಕೆಗೆ ಈ ಕಲ್ಲು ಸಿಕ್ಕಿತು. ವಿಚಾರಣೆ ನಡೆಯಿತು. ಆರೋಪಿ ಎಂಟನೆಯ ತರಗತಿಯವನು, ತಪ್ಪನ್ನು ಅಲ್ಲಗಳೆಯಲಿಲ್ಲ. ಬದಲು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತದ ಗೊಂಬೆಯನ್ನು ಕಿತ್ತು ತಂದು ಕಲ್ಲಿಗೆ ಹಿಡಿದ. ಟಕ್ಕೆಂದು ಕಚ್ಚಿಕೊಂಡಿತು. ‘ನೋಡಪ್ಪ, ಕಬ್ಬಿಣದ ಅದುರು!’ ಎಂದು ಹಿಗ್ಗಿದ. ರಾಷ್ಟ್ರೀಯ ಉದ್ಯಾನದಿಂದ ಕಲ್ಲನ್ನಾಗಲಿ ಎಲೆಯನ್ನಾಗಲಿ ತರಕೂಡದು, 1972ರ ವನ್ಯಜೀವಿ ರಕ್ಷಣೆಯ ಕಾಯಿದೆ ಅದನ್ನು ತಡೆಯುತ್ತದೆ ಎಂದು ನಾನು ಉಪಾಧ್ಯಾಯನ ಗತ್ತಿನಲ್ಲಿ ಹೇಳಿದೆ. ಅವನು ಒಂದು ಗಳಿಗೆ ಸುಮ್ಮನಿದ್ದು, ‘ಕಂಪನಿಯವರು ಗುಡ್ಡವನ್ನೇ ತೆಗೆದರಂತಲ್ಲ, ನಾನು ತಂದದ್ದು ಒಂದು ಕಲ್ಲು’ ಎಂದ.

ಅವನ ಮಾತಿಗೆ ಆಧಾರವಿಲ್ಲದೆ ಇಲ್ಲ. ಕುದುರೆಮುಖದ ಅದುರಿಗೆ 1969ರಲ್ಲಿ ಮೂವತ್ತು ವರ್ಷಗಳ ಗುತ್ತಿಗೆಯಾಯಿತು. 1975ರಲ್ಲಿ ಇರಾನಿನೊಡನೆ ಒಪ್ಪಂದ. 1976ರಲ್ಲಿ ಸರ್ಕಾರದ ಕಂಪನಿ. ಇರಾನಿನಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದರೂ ಗಣಿ ನಿಲ್ಲಲಿಲ್ಲ. ಗುಡ್ಡವನ್ನು ಒಡೆದು, ಪುಡಿ ಮಾಡಿ, ನೀರಿನಲ್ಲಿ ಕದಡಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿದರು. ಅದುರಿನಲ್ಲಿ ಕಬ್ಬಿಣದ ಅಂಶ ಕಡಿಮೆಯಾದುದರಿಂದ ಉಳಿದ ಹೂಳಿನ ಪ್ರಮಾಣ ಅಪಾರ. ಅದನ್ನು ತಡೆದು ನಿಲ್ಲಿಸಲು ಲಕ್ಯಾ ಹೊಳೆಗೆ ಸುಮಾರು 100 ಮೀಟರು ಎತ್ತರದ ಅಣೆಕಟ್ಟು ಕಟ್ಟಬೇಕಾಯಿತು. 1980ರ ದಶಕದ ಮೊದಲಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರು ಪ್ರದೇಶ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಒಂದು ಕಡೆ ಉದ್ಯಾನ, ಅದರ ಮಗ್ಗುಲಲ್ಲೇ ಗಣಿ. ಕೊನೆಗೆ ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಅದನ್ನು ನಂಬಿ ಬೆಳೆದಿದ್ದ ಊರೂ ಬರಿದಾಯಿತು. ಅಲ್ಲಿ ಹುಟ್ಟಿ ಶಾಲೆಗೆ ಹೋದ ಮಕ್ಕಳಿಗೆ ಅದೂ ತವರೇ ಆಗಿತ್ತು ಎಂಬುದನ್ನು ನಾವು ಮರೆಯಬಾರದು.

ಇಷ್ಟು ದೊಡ್ಡ ಸಂಗತಿಯ ಎದುರಿಗೆ ಒಂದು ನಿಂಬೆಹಣ್ಣಿನ ಗಾತ್ರದ ಕಲ್ಲು! ಎಲ್ಲರೂ ಹಾಗೆಯೇ ಮಾಡಿದರೆ ಏನಾದೀತು ಎಂದು ಕೇಳಿಕೊಂಡು ನಡೆ ಎಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ ಬೋಧಿಸಿದ. ಅದನ್ನು ಮಗನಿಗೆ ಹೇಗೆ ತಿಳಿಸಲಿ ಎಂದು ನಾನು ಮಾತು ಹುಡುಕುತ್ತಿದ್ದಾಗ ನನ್ನಾಕೆ, ‘ಹೋದವರೆಲ್ಲ ಒಂದೊಂದು ತಂದರೆ ಅಲ್ಲಿ ಏನು ಉಳಿಯುತ್ತೋ? ಇನ್ನೊಬ್ಬರು ಕದ್ದರೆ ನೀನು ಸಾಚಾ ಆಗ್ತೀಯಾ?’ ಎಂದು ಒಂದು ಉಸಿರಿನಲ್ಲಿ ಮುಗಿಸಿದಳು. ಮಗ ತಲೆ ತಗ್ಗಿಸಿದ. ವಿಚಾರಣೆ ಅಲ್ಲಿಗೆ ಮುಗಿಯಬೇಕಾಗಿತ್ತು. ಮುಗಿಯದಂತೆ ಮಾಡಿದವಳು ಮಗಳು. ಅವಳು ಪುಸ್ತಕದಿಂದ ತಲೆ ಎತ್ತದೆಯೇ, ‘ಅಪ್ಪಾ, ಆ ಮನೆಯ ಅಜ್ಜ ಕೇಳಿದ್ದಕ್ಕೆ ನೀನು ಉತ್ತರವನ್ನೇ ಕೊಡಲಿಲ್ಲವಲ್ಲ?’ ಎಂದಳು.

ನಾನು ಮರೆಯಲು ಯತ್ನಿಸುತ್ತಿದ್ದುದು ಅದನ್ನೇ. ಶಿಖರದಿಂದ ಇಳಿದು ಬಂದ ಆ ಸಂಜೆ ಜಗಲಿಯಲ್ಲಿ ಕೂತಿದ್ದೆವು. ಮೈ ದಣಿದಿತ್ತು, ಮನಸ್ಸು ತುಂಬಿತ್ತು. ಅಂಥ ಹೊತ್ತಿನಲ್ಲಿ ಕನ್ನಡದ ಮೇಷ್ಟರಿಗೆ ಮಾತು ತಡೆಯುವುದು ಕಷ್ಟ. ‘ಈ ಕಾಡು ಹೀಗೆಯೇ ಉಳಿಯಬೇಕು ಯಜಮಾನರೆ, ಮನುಷ್ಯರ ಕಾಟ ಇಲ್ಲದೆ’ ಎಂದುಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಕೈ ನಿಲ್ಲಿಸಲಿಲ್ಲ. ಮೆಲ್ಲಗೆ ಹೇಳಿದರು: ‘ಉಳೀಬೇಕು ಮೇಷ್ಟ್ರೇ. ನಮ್ಮಪ್ಪ, ಅಜ್ಜ ಎಲ್ಲ ಇಲ್ಲೇ ಮಣ್ಣಾದೋರು. ನಮಗೆ ಅದು ಉಳಿಯೋದು ಬೇಡವಾ? ಆದರೆ ನೋಡಿ, ಗಣಿ ಬಂದಾಗ ನಮ್ಮನ್ನು ಕೇಳಲಿಲ್ಲ. ಪಾರ್ಕು ಮಾಡಿದಾಗಲೂ ಕೇಳಲಿಲ್ಲ. ಈಗ ಪರಿಹಾರ ತಗೊಂಡು ಹೋಗಿ ಅಂತಾರೆ. ಸೇತುವೆ ಕೇಳಿದರೆ, ರಸ್ತೆ ಕೇಳಿದರೆ, ಕಾನೂನು ಅಡ್ಡ ಅಂತಾರೆ. ಇಲ್ಲೇ ಹುಟ್ಟಿದ ನಾವು ಇರಬಾರದು. ಚೀಟಿ ತಗೊಂಡ ನೀವು ಬರಬಹುದು. ಓದಿದೋರು ನೀವು. ಇದು ಹೆಂಗೆ ಅಂತ ಹೇಳಿ.’

ದನಿಯಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದ ಲೆಕ್ಕವನ್ನು ಬಲ್ಲವರ ಮುಂದೆ ಇಡುವಂತೆ ಇಟ್ಟರು. ನಾನು ‘ಕಷ್ಟದ ಪ್ರಶ್ನೆ’ ಎಂದೆ. ಊಟಕ್ಕೆ ಕರೆ ಬಂತು. ಬದುಕಿದೆ ಎಂದುಕೊಂಡು ಎದ್ದೆ.

ಪ್ರಶ್ನೆ ನಿಜವಾಗಿಯೂ ಕಷ್ಟದ್ದು. ಒಂದೇ ಕಡೆಯ ಸತ್ಯ ಅದರಲ್ಲಿಲ್ಲ. ಸಿಂಗಳೀಕ ಮರದಿಂದ ಮರಕ್ಕೆ ಬದುಕುವ ಪ್ರಾಣಿ. ಕಾಡು ತುಂಡುತುಂಡಾದರೆ ಅದರ ಲೋಕವೂ ತುಂಡಾಗುತ್ತದೆ. ಕೆಲವು ಕಾಡುಗಳಾದರೂ ಇಡಿಯಾಗಿ ಉಳಿಯಬೇಕೆಂಬವರ ಮಾತು ಹಟವಲ್ಲ. ಹೊರಬಂದವರೆಲ್ಲ ಹಾಳಾದರು ಎನ್ನುವುದೂ ಸರಿಯಲ್ಲ. ಇದೇ ಸೀಮೆಯ ಭದ್ರಾ ಅಭಯಾರಣ್ಯದಿಂದ 2000ದ ಇಸವಿಯ ಆಸುಪಾಸಿನಲ್ಲಿ ನಾನೂರಕ್ಕೂ ಹೆಚ್ಚು ಕುಟುಂಬಗಳು ಜಮೀನು ಪಡೆದು ಹೊರಬಂದವು; ನಮ್ಮ ದೇಶದಲ್ಲಿ ನೆಟ್ಟಗೆ ನಡೆದ ಸ್ಥಳಾಂತರಗಳಲ್ಲಿ ಅದೂ ಒಂದೆಂದು ತಿಳಿದವರು ಹೇಳುತ್ತಾರೆ. ಮಕ್ಕಳ ಶಾಲೆಗಾಗಿ, ಆಸ್ಪತ್ರೆಗಾಗಿ ತಾವಾಗಿಯೇ ಹೊರಡಬಯಸುವವರೂ ಕಾಡಿನಲ್ಲಿದ್ದಾರೆ. ಇನ್ನೊಂದೆಡೆ, ತಲೆಮಾರುಗಳಿಂದ ಅಲ್ಲಿ ನೆಲೆಸಿದವರಿಗೆ ಹಕ್ಕಿದೆ ಎಂದು 2006ರ ಅರಣ್ಯ ಹಕ್ಕುಗಳ ಕಾಯಿದೆಯೇ ಒಪ್ಪಿದೆ. ಎರಡು ಕಾಯಿದೆಗಳ ನಡುವೆ ಒಂದು ಮನೆ. ಆ ಮನೆಯ ಜಗಲಿಯಲ್ಲಿ ನಾನು ಕಾಫಿ ಕುಡಿಯುತ್ತಿದ್ದೆ.

ಹಾಗಾದರೆ ನನ್ನನ್ನು ನಾಚಿಸಿದ್ದು ಯಾವುದು? ಯೋಚಿಸಿ ನೋಡಿದಾಗ ತಿಳಿಯಿತು: ‘ಕಾಡು ಉಳಿಯಬೇಕು’ ಎಂದ ನನಗೆ ಆ ಮಾತಿನಿಂದ ಒಂದು ಕಾಸೂ ಖರ್ಚಿರಲಿಲ್ಲ. ಕಾಡು ಉಳಿದರೆ ಮುಂದಿನ ರಜೆಗೂ ನನಗೆ ನೋಡಲು ಸಿಗುತ್ತದೆ. ಅದಕ್ಕಾಗಿ ಮನೆ ಬಿಡಬೇಕಾದವರು ಬೇರೆಯವರು. ನಾನು ಅದನ್ನು ಪ್ರಕೃತಿಪ್ರೇಮವೆಂದು ಕರೆದುಕೊಂಡಿದ್ದೆ. ತರಗತಿಯಲ್ಲಿ ಇಪ್ಪತ್ತು ವರ್ಷ ಅದನ್ನು ಕುರಿತು ಪಾಠವನ್ನೂ ಹೇಳಿದ್ದೆ. ನಮ್ಮ ಭಾಷೆಯಲ್ಲಿ ಆಸೆ ಎಂದೂ ಪ್ರೀತಿ ಎಂದೂ ಎರಡು ಮಾತುಗಳಿವೆ. ತಾಯಿಗೆ ಮಗುವಿನ ಮೇಲೆ ಇರುವುದು ಪ್ರೀತಿ. ಮಗುವಿಗಾಗಿ ಅವಳು ತನ್ನ ನಿದ್ದೆ ಕೊಡುತ್ತಾಳೆ. ಮಗುವಿಗೆ ಬೊಂಬೆಯ ಮೇಲೆ ಇರುವುದು ಆಸೆ; ಬೆಲೆಯನ್ನು ಅಪ್ಪ ಕೊಡುತ್ತಾನೆ. ಕಾಡಿನ ಮೇಲೆ ನಮ್ಮಂಥ ಪೇಟೆಯವರಿಗೆ ಇರುವುದು ಬಹುಮಟ್ಟಿಗೆ ಈ ಎರಡನೆಯದೇ ಎಂದು ತೋರುತ್ತದೆ. ಕಂಪನಿ ಗುಡ್ಡವನ್ನು ಬಯಸಿತು, ಮಗ ಕಲ್ಲನ್ನು ಬಯಸಿದ, ನಾನು ನೋಟವನ್ನು ಬಯಸಿದೆ. ಪ್ರಮಾಣದಲ್ಲಿ ಈ ಮೂರಕ್ಕೂ ಅಜಗಜಾಂತರ. ಆದರೆ ಪಡೆಯುವವನು ಒಬ್ಬ, ತೆರುವವನು ಇನ್ನೊಬ್ಬ ಎಂಬಷ್ಟರ ಮಟ್ಟಿಗೆ ಮೂರೂ ಒಂದೇ ದಾರಿಯವು.

ಇದಕ್ಕೆ ನನ್ನೊಳಗಿನ ವಕೀಲನ ಸಮಾಧಾನ ಸಿದ್ಧವಾಗಿಯೇ ಇತ್ತು: ‘ನೀನು ಎರಡು ದಿನದ ಅತಿಥಿ. ಹಣ ಕೊಟ್ಟೆ, ಕಸ ಹಾಕಲಿಲ್ಲ, ಮರಳಿ ಬಂದೆ. ನಿನಗೇಕೆ ಈ ಭಾರ?’ ಆ ರಾತ್ರಿ ಅದನ್ನೇ ಒಪ್ಪಿ ಮಲಗುತ್ತಿದ್ದೆನೋ ಏನೋ. ಬಾಯಾರಿ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಲೋಟ ತುಂಬಿದಾಗ ಹೊಳೆಯಿತು: ಶಿವಮೊಗ್ಗೆಯ ನಲ್ಲಿಯಲ್ಲಿ ಬರುವುದು ತುಂಗೆಯ ನೀರು. ಆ ಹುಲ್ಲುಗುಡ್ಡಗಳ ಮಡಿಕೆಯಲ್ಲಿ ಹುಟ್ಟಿ, ಶೃಂಗೇರಿ ತೀರ್ಥಹಳ್ಳಿಗಳನ್ನು ಹಾದು ನನ್ನ ಮನೆಯ ಲೋಟಕ್ಕೆ ಇಳಿದದ್ದು. ನಾನು ಆ ಬೆಟ್ಟಕ್ಕೆ ಎರಡು ದಿನದ ಅತಿಥಿ ಎಂದುಕೊಂಡದ್ದು ತಪ್ಪು. ಚೀಟಿ ಇಲ್ಲದೆಯೆ ದಿನವೂ ಅದರಿಂದ ಪಡೆಯುತ್ತಿರುವವನು ನಾನು. ಹಾಗಾದರೆ ನಾನು ಅತಿಥಿಯಲ್ಲ, ಸಾಲಗಾರ.

ಸಾಲಗಾರನೆಂದು ತಿಳಿದ ಮೇಲೆ ಆ ಹಿರಿಯರ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದಿದ್ದರೂ ಉತ್ತರದ ದಿಕ್ಕು ಕಾಣುತ್ತದೆ. ಕಾಡಿನ ನಡುವೆ ಬದುಕುವವರು ಉಳಿದರೆ, ನಮ್ಮ ನೀರನ್ನು ಕಾಯುತ್ತ ಸೇತುವೆಯೂ ಇಲ್ಲದೆ ಉಳಿಯುತ್ತಾರೆ. ಹೊರಟರೆ, ನಮ್ಮ ನೀರಿಗಾಗಿಯೇ ಹೊರಡುತ್ತಾರೆ. ಎರಡರಲ್ಲೂ ಕೊಡುವವರು ಅವರು, ಪಡೆಯುವವರು ನಾವು. ಆದ್ದರಿಂದ ಅವರಿಗೆ ಸಲ್ಲಬೇಕಾದ್ದು ದಯೆಯ ‘ಪರಿಹಾರ’ವಲ್ಲ, ತೀರಿಸಬೇಕಾದ ಋಣ. ಋಣ ತೀರಿಸುವವನು ಸಾಲ ಕೊಟ್ಟವನನ್ನು ಬಾಗಿಲಲ್ಲಿ ನಿಲ್ಲಿಸಿ ಗದರಿಸುವುದಿಲ್ಲ. ಹತ್ತು ಸಲ ಕಚೇರಿಗೆ ಅಲೆಸುವುದಿಲ್ಲ. ‘ಇರುತ್ತೀರೋ ಹೋಗುತ್ತೀರೋ’ ಎಂಬುದನ್ನು ಅವರ ಬಾಯಿಂದಲೇ ಮೊದಲು ಕೇಳುತ್ತಾನೆ. ಈ ಋಣಕ್ಕಾಗಿ ನನ್ನ ನೀರಿನ ಕಂದಾಯ ನಾಲ್ಕು ರೂಪಾಯಿ ಹೆಚ್ಚಿದರೆ ನಾನು ಗೊಣಗಕೂಡದು. ಗೊಣಗಿದರೆ ಜಗಲಿಯಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಇಷ್ಟನ್ನು ಮಗಳಿಗೆ ಹೇಳಿದೆ. ಅವಳು, ‘ಇದನ್ನು ಆ ಅಜ್ಜನಿಗೆ ಹೇಳಬೇಕಾಗಿತ್ತು’ ಎಂದಳು. ಹೌದು, ಅವರಿಗೇ ಹೇಳಬೇಕಾಗಿತ್ತು.

ಕಲ್ಲನ್ನು ಅಂಚೆಯಲ್ಲಿ ಕಳಿಸೋಣವೆಂದು ಮಗ ಸೂಚಿಸಿದ. ಬೇಡ, ಬೇಸಿಗೆ ಕಳೆದು ದಾರಿ ತೆರೆದಾಗ ನೀನೇ ಹೋಗಿ ಎತ್ತಿದ ಹಳ್ಳದ ಅಂಚಿನಲ್ಲೇ ಇಟ್ಟು ಬಾ ಎಂದು ಅವನ ತಾಯಿ ತೀರ್ಪು ಕೊಟ್ಟಿದ್ದಾಳೆ. ನಾನೂ ಜೊತೆಗೆ ಹೋಗಬೇಕಂತೆ. ನನ್ನದೂ ಒಂದು ಬಾಕಿ ಇದೆಯಂತೆ. ಅಲ್ಲಿಯವರೆಗೆ ಅದು ಮೇಜಿನ ಮೇಲೆಯೇ ಇರಲಿ ಎಂದಿದ್ದೇವೆ. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೈ ಚಾಚಿದಾಗ ಅದು ತಗಲುತ್ತದೆ, ಗಾತ್ರವನ್ನು ಮೀರಿದ ತೂಕದೊಡನೆ. ಮಗ ತಂದ ಕಲ್ಲನ್ನು ಇಟ್ಟಲ್ಲೇ ಇಟ್ಟು ಬರಬಹುದು. ಬೆಳಗ್ಗೆ ಎದ್ದು ಮುಖ ತೊಳೆಯುವಾಗ ನಾನು ತೆಗೆದುಕೊಳ್ಳುವುದನ್ನು ಹಾಗೆ ಹಿಂದಿಡಲು ಬರುವುದಿಲ್ಲ. ಅದರ ಲೆಕ್ಕವನ್ನು ಬೇರೆ ರೀತಿಯಲ್ಲೇ ತೀರಿಸಬೇಕು.